64 ವರ್ಷಗಳ ಲೆಕ್ಕದಲ್ಲಿ ಕಾಣದ ಮೂರು ವರ್ಷ

ಕಲಬುರಗಿಯಿಂದ ಸೇಡಂಗೆ ಹೋಗುವ ಬಸ್ಸು ನಮ್ಮ ಗುಂಡಗುರ್ತಿ ದಾಟಿದ ಮೇಲೆ ಮಳಖೇಡದಲ್ಲಿ ನಿಲ್ಲುತ್ತದೆ. ಕಂಡಕ್ಟರ್ ಊರಿನ ಹೆಸರು ಕೂಗುತ್ತಾನೆ. ನಾಲ್ಕು ಜನ ಇಳಿಯುತ್ತಾರೆ, ಆರು ಜನ ಹತ್ತುತ್ತಾರೆ. ಸಿಮೆಂಟ್ ಲಾರಿಗಳ ಧೂಳಿನ ನಡುವೆ ಬಸ್ಸು ಮತ್ತೆ ಹೊರಡುತ್ತದೆ. ಸೇಡಂನಲ್ಲಿ ಮಾಮಾನ ಮನೆ ಇರುವುದರಿಂದ ಚಿಕ್ಕಂದಿನಿಂದ ಎಷ್ಟೋ ಸಲ ಈ ದಾರಿಯಲ್ಲಿ ಓಡಾಡಿದ್ದೇನೆ. ಆದರೆ ಮಳಖೇಡದಲ್ಲಿ ಒಮ್ಮೆಯೂ ಇಳಿದಿರಲಿಲ್ಲ. ಇದೇ ರಾಷ್ಟ್ರಕೂಟರ ಮಾನ್ಯಖೇಟ ಎಂದು ಶಾಲೆಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ, ಒಂದು ಅಂಕ ಸಿಕ್ಕಿತ್ತು, ಅಲ್ಲಿಗೆ ಮರೆತಿದ್ದೆ.

ಮೊನ್ನೆ ಇಳಿದೆ. ಯಾಕೆ ಇಳಿದೆ ಎಂದು ಹೇಳಬೇಕಾದರೆ ನಾನು ಹೇಳಿದ ಒಂದು ಸುಳ್ಳಿನಿಂದ ಶುರು ಮಾಡಬೇಕು.

ನಾನು ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿ. ವಯಸ್ಸು 20. ಮೂರನೇ ಸೆಮಿಸ್ಟರ್‌ನ ಗಣಿತ ನನಗೆ ಬ್ಯಾಕ್‌ಲಾಗ್ ಉಳಿದಿತ್ತು. ಎರಡನೇ ಸಲ ಬರೆದೆ. ಫಲಿತಾಂಶ ಬಂದ ದಿನ ಹಾಸ್ಟೆಲ್‌ನ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡಿದೆ. ಮತ್ತೆ ಫೇಲ್. ತಪ್ಪು ಯಾರದೂ ಅಲ್ಲ, ನನ್ನದೇ. ಫೂರಿಯರ್ ಸರಣಿ, ಲಾಪ್ಲಾಸ್ ಪರಿವರ್ತನೆ ಎಲ್ಲವನ್ನೂ ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದೆ. ಅಪ್ಪ ಫೋನ್ ಮಾಡಿ ಏನಾಯಿತು ಎಂದು ಕೇಳಿದಾಗ ಪಾಸಾಗಿದೆ ಎಂದುಬಿಟ್ಟೆ. ಅಪ್ಪನ ದನಿಯಲ್ಲಿ ಬಂದ ಸಮಾಧಾನ ಕೇಳಿ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು.

ರಜೆಗೆ ಊರಿಗೆ ಬಂದೆ. ಮನೆಯಲ್ಲಿ ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಇದ್ದಾಳೆ. ಬಿ.ಎ. ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ರಾತ್ರಿ ರೊಟ್ಟಿ ಬಡಿದು ಪಾತ್ರೆ ತೊಳೆದ ಮೇಲೆ ಗೈಡ್ ನನ್ನ ಕೈಗೆ ಕೊಟ್ಟು ಪ್ರಶ್ನೆ ಕೇಳು ಎನ್ನುತ್ತಾಳೆ. ಅವತ್ತು ರಾಷ್ಟ್ರಕೂಟರ ಪುಟ ಬಂತು. ಅಮೋಘವರ್ಷ ನೃಪತುಂಗ ಎಷ್ಟು ವರ್ಷ ಆಳಿದ ಎಂದು ನಾನು ಪ್ರಶ್ನೆ ಮುಗಿಸುವ ಮೊದಲೇ ಅಕ್ಕ 64 ಎಂದಳು. ರಾಜಧಾನಿ ಮಾನ್ಯಖೇಟ, ಆಸ್ಥಾನ ಕವಿ ಶ್ರೀವಿಜಯ, ಗುರು ಜಿನಸೇನಾಚಾರ್ಯ, ಕೃತಿ ಕವಿರಾಜಮಾರ್ಗ. ನಾಲ್ಕು ಸಾಲಿನಲ್ಲಿ ಒಂದು ಬದುಕು ಮುಗಿಯಿತು. ಮುಂದಿನ ಪ್ರಶ್ನೆ ಚಾಲುಕ್ಯರದು.

ನನ್ನ ತಲೆ ಮಾತ್ರ ಅಲ್ಲೇ ನಿಂತಿತು. ಗೈಡ್‌ನಲ್ಲಿ ಆಳ್ವಿಕೆ 814ರಿಂದ 878 ಎಂದಿತ್ತು. ಪಟ್ಟಕ್ಕೆ ಬಂದಾಗ ವಯಸ್ಸು 14 ಎಂದು ಕಂಸದಲ್ಲಿ ಸಣ್ಣಕ್ಷರದಲ್ಲಿತ್ತು. 14 ಎಂದರೆ ನಮ್ಮೂರಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ. ಆ ವಯಸ್ಸಿನಲ್ಲಿ ಸಾಮ್ರಾಜ್ಯ ಕೈಗೆ ಬಂದ ಹುಡುಗ 64 ವರ್ಷ ನಿರಾಳವಾಗಿ ಆಳಿದನೇ?

ಮರುದಿನ ಕಾಲೇಜಿನಲ್ಲಿ ಕೆಲಸವಿದೆ ಎಂದು ಇನ್ನೊಂದು ಸುಳ್ಳು ಹೇಳಿ ಕಲಬುರಗಿಗೆ ಹೋದೆ. ಮನೆಯಲ್ಲಿ ಅಪ್ಪನ ಮುಖ ನೋಡುತ್ತ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಗ್ರಂಥಾಲಯದಲ್ಲಿ ಪಿಎಸ್‌ಐ, ಪಿಡಿಒ, ಕೆಎಎಸ್ ಎಂದು ಓದುತ್ತ ಕೂತವರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿತು. ಗಣಿತದ ಪುಸ್ತಕ ಚೀಲದಲ್ಲೇ ಉಳಿಯಿತು. ರಾಷ್ಟ್ರಕೂಟರ ಇತಿಹಾಸ ತೆಗೆದೆ. ಸಂಜೆಯವರೆಗೆ ಎದ್ದಿಲ್ಲ. ಆಮೇಲೆ ಇನ್ನೂ ಮೂರು ದಿನ ಹೋದೆ. ಅಲ್ಲಿ ಓದಿ ತಿಳಿದಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಅಮೋಘವರ್ಷನ ತಂದೆ ಮೂರನೆಯ ಗೋವಿಂದ. ಉತ್ತರ ಭಾರತದವರೆಗೆ ದಂಡೆತ್ತಿ ಹೋಗಿ ಗೆದ್ದು ಬಂದ ದೊರೆ. ಹಾಗೆ ಗೆದ್ದು ಮರಳುವ ದಾರಿಯಲ್ಲಿ, ಸುಮಾರು 800ರಲ್ಲಿ, ನರ್ಮದಾ ತೀರದ ಶ್ರೀಭವನವೆಂಬ ಊರಿನಲ್ಲಿ ಬಿಡಾರ ಹೂಡಿದ್ದಾಗ ಈ ಮಗ ಹುಟ್ಟಿದ. ಅಂದರೆ ಅರಮನೆಯಲ್ಲಿ ಅಲ್ಲ, ದಂಡಿನ ಬಿಡಾರದಲ್ಲಿ. ತಂದೆ ತೀರಿಕೊಂಡಾಗ ಹುಡುಗನಿಗೆ ಸುಮಾರು 14. ಅಮೋಘವರ್ಷ ಎಂದರೆ ಹುಸಿಯಾಗದ ಮಳೆ ಎಂದು ಅರ್ಥ. ಮಳೆ ನಂಬಿ ತೊಗರಿ ಬಿತ್ತುವ ನಮ್ಮ ಕಡೆಯವರಿಗೆ ಆ ಹೆಸರಿನ ತೂಕ ಬೇರೆ ಯಾರೂ ತಿಳಿಸಿ ಹೇಳಬೇಕಿಲ್ಲ. ಆದರೆ ಹೆಸರು ದೊಡ್ಡದಾದ ಮಾತ್ರಕ್ಕೆ ಯಾರೂ ಹೆದರಲಿಲ್ಲ.

ಗೋವಿಂದನ ಕತ್ತಿಗೆ ಅಂಜಿ ತಲೆ ಬಾಗಿಸಿದ್ದವರೆಲ್ಲ ಹುಡುಗನನ್ನು ನೋಡಿ ತಲೆ ಎತ್ತಿದರು. ದಕ್ಷಿಣದಲ್ಲಿ ತಲಕಾಡಿನ ಗಂಗರು ತಿರುಗಿ ಬಿದ್ದರು. ಪೂರ್ವದಲ್ಲಿ ವೇಂಗಿಯ ಚಾಲುಕ್ಯ ದೊರೆ ಎರಡನೆಯ ವಿಜಯಾದಿತ್ಯ, ರಾಷ್ಟ್ರಕೂಟರು ಕೂರಿಸಿದ್ದ ತನ್ನ ದಾಯಾದಿ ಭೀಮ ಸಲುಕಿಯನ್ನು ಓಡಿಸಿ ಸಿಂಹಾಸನ ಕಿತ್ತುಕೊಂಡು ಈ ಕಡೆ ನುಗ್ಗಿದ. ಹೊರಗಿನವರದು ಹಾಗಿರಲಿ, ಒಳಗಿನ ಸಾಮಂತರು, ಅಧಿಕಾರಿಗಳು, ರಕ್ತಸಂಬಂಧಿಗಳು ಸಹ ಬಂಡಾಯದ ಕಡೆ ಸೇರಿದರು. 818ರ ಸುಮಾರಿಗೆ ಪರಿಸ್ಥಿತಿ ಕೈಮೀರಿತು. ಹುಡುಗ ಸಿಂಹಾಸನ ಕಳೆದುಕೊಂಡ.

ಈ ಸಾಲು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. 64 ವರ್ಷ ಎಂದು ನಾವು ಬಾಯಿಪಾಠ ಮಾಡುವ ಲೆಕ್ಕದೊಳಗೆ ಈ ಕಾಲವೂ ಸೇರಿಹೋಗಿದೆ. ಗೈಡ್‌ನಲ್ಲಿ 814ರ ಪಕ್ಕ ಒಂದು ಗೆರೆ, ಗೆರೆಯ ಆಚೆ 878. ಆ ಗೆರೆಯೊಳಗೆ ಒಬ್ಬ ಹದಿಹರೆಯದವನು ತನ್ನದೆನ್ನುವ ಎಲ್ಲವನ್ನೂ ಕಳೆದುಕೊಂಡು ನಿಂತಿದ್ದಾನೆ ಎಂದು ಯಾರಿಗೂ ಕಾಣುವುದಿಲ್ಲ. ಅವನು ಮತ್ತೆ ಪಟ್ಟಕ್ಕೆ ಬಂದದ್ದು 821ರ ಹೊತ್ತಿಗೆ. ಆಗ ವಯಸ್ಸು 21. ನನ್ನ ವಯಸ್ಸಿನಲ್ಲಿ ಅವನು ಬಿದ್ದ ಜಾಗದಿಂದ ಇನ್ನೂ ಏಳುತ್ತಿದ್ದ.

ಎದ್ದದ್ದು ಹೇಗೆ? ಒಬ್ಬನೇ ಎದ್ದನೆಂದು ನಾನು ಅಂದುಕೊಂಡಿದ್ದೆ. ಯೂಟ್ಯೂಬ್‌ನಲ್ಲಿ ಸ್ಫೂರ್ತಿ ತುಂಬುವ ವಿಡಿಯೊಗಳು ಹಾಗೇ ಕಲಿಸುತ್ತವೆ. ಬಿದ್ದವನು ಹಲ್ಲು ಕಚ್ಚಿ ಒಬ್ಬಂಟಿಯಾಗಿ ಗೆದ್ದು ಬರುತ್ತಾನೆ, ಹಿನ್ನೆಲೆಯಲ್ಲಿ ಸಂಗೀತ ಜೋರಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಗುಜರಾತಿನಲ್ಲಿ ರಾಷ್ಟ್ರಕೂಟರ ಒಂದು ಶಾಖೆ ಆಳುತ್ತಿತ್ತು. ಗೋವಿಂದ ತನ್ನ ತಮ್ಮ ಇಂದ್ರನನ್ನು ಅಲ್ಲಿ ಇಟ್ಟಿದ್ದ. ಆ ಇಂದ್ರನ ಮಗ ಕರ್ಕ ಸುವರ್ಣವರ್ಷ. ನಮ್ಮ ಕಡೆ ಹೇಳುವಂತೆ ಕಾಕಾನ ಮಗ, ಅಮೋಘವರ್ಷನಿಗೆ ಅಣ್ಣನಾಗಬೇಕು. ಹುಡುಗ ದೊರೆಗೆ ಬೆಂಬಲವಾಗಿ ನಿಂತವನು ಅವನೇ. ಬಂಡಾಯ ಹತ್ತಿಕ್ಕಿ ತಮ್ಮನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಿದವನೂ ಅವನೇ. ಸೂರತ್‌ನಲ್ಲಿ ಸಿಕ್ಕ 821ರ ಕರ್ಕನ ತಾಮ್ರಪಟದಲ್ಲಿ ಈ ವಿಷಯ ಇದೆ. ಅದರಿಂದಲೇ ಇತಿಹಾಸಕಾರರು ಆ ವರ್ಷದ ಹೊತ್ತಿಗೆ ಬಂಡಾಯ ಅಡಗಿತ್ತೆಂದು ಲೆಕ್ಕ ಹಾಕುತ್ತಾರೆ.

ಕರ್ಕ ಬಯಸಿದ್ದರೆ ಆ ಗದ್ದಲದಲ್ಲಿ ತಾನೇ ಚಕ್ರವರ್ತಿಯಾಗಲು ನೋಡಬಹುದಿತ್ತು. ರಾಷ್ಟ್ರಕೂಟರಲ್ಲಿ ಅಣ್ಣ ತಮ್ಮಂದಿರ ನಡುವೆ ಸಿಂಹಾಸನಕ್ಕಾಗಿ ಕಾದಾಟ ಹೊಸದೇನಲ್ಲ. ಗೋವಿಂದನೇ ತನ್ನ ಅಣ್ಣ ಸ್ತಂಭನೊಡನೆ ಹೋರಾಡಿ ಪಟ್ಟ ಉಳಿಸಿಕೊಂಡವನು. ಅಂಥ ಮನೆತನದಲ್ಲಿ ಕರ್ಕ ತಮ್ಮನ ಕೈಹಿಡಿದ. ಅವನ ಹೆಸರು ಅಕ್ಕನ ಗೈಡ್‌ನಲ್ಲಿ ಇಲ್ಲ. ನಾನು ಎರಡು ಸಲ ಹುಡುಕಿದೆ. ಪ್ರಸಿದ್ಧರ ಬದುಕಿನಲ್ಲಿ ಮರೆಯಾಗುವುದು ಅವರ ಸಂಕಟ ಒಂದೇ ಅಲ್ಲ, ಆ ಸಂಕಟದಲ್ಲಿ ಹೆಗಲು ಕೊಟ್ಟವರೂ ಮರೆಯಾಗುತ್ತಾರೆ.

ಅಲ್ಲಿಗೆ ಕಷ್ಟ ಮುಗಿದು ಸುಖವಾಗಿದ್ದ ಎಂದು ಬರೆದರೆ ಅದು ಕತೆಯಾಗುತ್ತದೆ, ಬದುಕಲ್ಲ. ವೇಂಗಿಯವರೊಡನೆ ಯುದ್ಧ ನಡೆಯುತ್ತಲೇ ಇತ್ತು. ವಿಂಗವಳ್ಳಿಯೆಂಬಲ್ಲಿ ಅಮೋಘವರ್ಷ ಅವರನ್ನು ಸೋಲಿಸಿ ವೀರನಾರಾಯಣ ಎನಿಸಿಕೊಂಡ. ಆದರೆ ಗಂಗರ ಮುಂದೆ ಆ ಗೆಲುವು ಸಿಗಲಿಲ್ಲ. ಅವನ ನಂಬಿಕೆಯ ದಂಡನಾಯಕ ಬಂಕೇಶ ಗಂಗವಾಡಿಯೊಳಗೆ ನುಗ್ಗಿ ಈಗಿನ ತುಮಕೂರು ಹತ್ತಿರದ ಕೈದಾಳದ ಕೋಟೆ ಹಿಡಿದು ಕಾವೇರಿಯವರೆಗೂ ಹೋದ. ಅಷ್ಟರಲ್ಲಿ ರಾಜಧಾನಿಯ ಕಡೆ ಒಳಜಗಳ ಎದ್ದು, ಕೆಲಸ ಅರ್ಧಕ್ಕೆ ಬಿಟ್ಟು ತಿರುಗಿ ಬರಬೇಕಾಯಿತು. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಹೆಸರು ಬಂದದ್ದು ಈ ಬಂಕೇಶನಿಂದಲೇ.

ಆ ಒಳಜಗಳದಲ್ಲಿ ಬಂಡಾಯಗಾರರ ಜೊತೆ ಸೇರಿದವನು ಸ್ವಂತ ಮಗನೇ ಎಂದು ಬಂಕೇಶನ ಸಾಹಸ ಹೇಳುವ ಕೊಣ್ಣೂರು ಶಾಸನದಿಂದ ತಿಳಿಯುತ್ತದೆ. ಇನ್ನೊಂದು ನೋವು ಇದಕ್ಕಿಂತ ದೊಡ್ಡದು ಎಂದು ನನಗನ್ನಿಸಿತು. ಸಿಂಹಾಸನ ಮರಳಿ ಕೊಡಿಸಿದ ಕರ್ಕನ ಮನೆತನದೊಡನೆಯೇ ಮುಂದೆ ದ್ವೇಷ ಬೆಳೆಯಿತು. ಕರ್ಕನ ಮಗ ಧ್ರುವ ಅಮೋಘವರ್ಷನ ಸೈನ್ಯದ ವಿರುದ್ಧ ಹೋರಾಡುತ್ತಲೇ ಸತ್ತ. ಎತ್ತಿದ ಕೈಯ ಮಗನನ್ನೇ ಎದುರಿಸಬೇಕಾದ ದಿನ ಆ ದೊರೆಯ ಮನಸ್ಸು ಹೇಗಿದ್ದಿರಬೇಕು? ತಾಮ್ರಪಟಗಳು ಯಾರು ಗೆದ್ದರೆಂದು ಬರೆಯುತ್ತವೆ. ರಾತ್ರಿ ನಿದ್ದೆ ಬಂತೋ ಇಲ್ಲವೋ ಎಂದು ಬರೆಯುವುದಿಲ್ಲ.

ಗಂಗರ ವಿಷಯದಲ್ಲಿ ಅವನು ಬೇರೆ ದಾರಿ ಹಿಡಿದ. ಗೆಲ್ಲಲಾಗದ ಯುದ್ಧವನ್ನು ಬೀಗತನದಿಂದ ನಿಲ್ಲಿಸಿದ. ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟ. ಇನ್ನೊಬ್ಬ ಮಗಳು ರೇವಕನಿಮ್ಮಡಿ ಗಂಗ ಮನೆತನದ ಎರೆಗಂಗನ ಹೆಂಡತಿ. ಅವಳು ಎಡೆದೊರೆ ನಾಡಿನ ಆಡಳಿತ ನಡೆಸುತ್ತಿದ್ದಳೆಂದು ಶಾಸನ ಹೇಳುತ್ತದೆ. ಇದನ್ನು ಅಕ್ಕನಿಗೆ ಹೇಳಿದಾಗ, ಶತ್ರುಗಳ ಮನೆಗೆ ಸೊಸೆಯಾಗಿ ಹೋದ ಹೆಣ್ಣುಮಕ್ಕಳ ಕಷ್ಟವನ್ನು ಯಾವ ಗೈಡ್‌ನಲ್ಲಿ ಓದಲಿ ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ನನ್ನನ್ನು ಬಹಳ ಹೊತ್ತು ಕಾಡಿದ ಸಂಗತಿ 871ರ ಸಂಜಾನ ತಾಮ್ರಪಟದಲ್ಲಿದೆ. ಪ್ರಜೆಗಳಿಗೆ ದೊಡ್ಡ ಆಪತ್ತು ಬಂದಾಗ ಅದು ತೊಲಗಲಿ ಎಂದು ಅಮೋಘವರ್ಷ ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದ ಎಂದು ಅದು ಹೇಳುತ್ತದೆ. ಇದನ್ನು ತ್ಯಾಗ ಎಂದು ಹೊಗಳಿ ಮುಂದೆ ಹೋಗಬಹುದು. ನನಗೆ ಅದರಲ್ಲಿ ಕಂಡದ್ದು ಅಸಹಾಯಕತೆ. ಸೈನ್ಯ, ಖಜಾನೆ, ಮಂತ್ರಿಗಳು ಎಲ್ಲ ಇದ್ದೂ ಜನರ ಕಷ್ಟ ಕಳೆಯಲಾಗದೆ ಕೊನೆಗೆ ತನ್ನ ಮೈಯನ್ನೇ ನೋಯಿಸಿಕೊಂಡ ಮನುಷ್ಯ. ನಮ್ಮ ಕಾಲದಲ್ಲಿ ಆ ದಾರಿ ಯಾರಿಗೂ ಬೇಡ. ದೊಡ್ಡವರೂ ಒಮ್ಮೊಮ್ಮೆ ಏನೂ ತೋಚದೆ ನಿಲ್ಲುತ್ತಾರೆ ಎಂದು ತಿಳಿದರೆ ಸಾಕು.

ಇಷ್ಟೆಲ್ಲ ನಡೆಯುತ್ತಿದ್ದಾಗಲೇ ಪುಸ್ತಕಗಳು ಹುಟ್ಟುತ್ತಿದ್ದವು. ಇದನ್ನು ನಾನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಯುದ್ಧ ಮುಗಿದ ಮೇಲೆ ಬಿಡುವು ಸಿಕ್ಕಾಗ ಸಾಹಿತ್ಯ ಬೆಳೆಯಿತು ಎಂದು ಅಂದುಕೊಂಡಿದ್ದೆ. ಹಾಗಲ್ಲ. ಜಿನಸೇನಾಚಾರ್ಯರು ತಮ್ಮ ಗುರು ವೀರಸೇನರು ಅರ್ಧಕ್ಕೆ ಬಿಟ್ಟಿದ್ದ ಜಯಧವಳ ಎಂಬ ದೊಡ್ಡ ವ್ಯಾಖ್ಯಾನವನ್ನು 837ರಲ್ಲಿ ಮುಗಿಸಿದರು. ಶಾಕಟಾಯನ ಬರೆದ ವ್ಯಾಕರಣದ ವೃತ್ತಿಗೆ ದೊರೆಯ ಹೆಸರೇ ಸೇರಿ ಅಮೋಘವೃತ್ತಿ ಎಂದಾಯಿತು. ಸುಮಾರು 850ರಲ್ಲಿ ಕವಿರಾಜಮಾರ್ಗ ಬಂತು. ಕನ್ನಡದಲ್ಲಿ ಈಗ ಸಿಗುವ ಮೊದಲ ಗ್ರಂಥ ಅದು. ಬರೆದವನು ಶ್ರೀವಿಜಯ, ಒಪ್ಪಿಗೆ ಕೊಟ್ಟು ನಿಂತವನು ನೃಪತುಂಗ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಒಂದೇ ಕನ್ನಡ ನಾಡೆಂದು ಗುರುತಿಸಿದ ಪುಸ್ತಕ. ಆಗಲೇ ಸಂಸ್ಕೃತಕ್ಕೆ ಇದ್ದ ಮರ್ಯಾದೆಯ ಎದುರು ಆಡುವ ಭಾಷೆಯಲ್ಲಿ ಶಾಸ್ತ್ರ ಬರೆಸಲು ಧೈರ್ಯ ಬೇಕಿತ್ತು. ಇವತ್ತು ಕನ್ನಡ ಮಾಧ್ಯಮದಿಂದ ಹೋಗಿ ಎಂಜಿನಿಯರಿಂಗ್ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರುವ ನಮ್ಮಂಥವರಿಗೆ ಅದು ಗೊತ್ತಾಗುತ್ತದೆ.

ನನಗೆ ನಗು ಬಂದದ್ದು ಇನ್ನೊಂದು ಪುಸ್ತಕ ನೋಡಿ. ಅದೇ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಗಣಿತಜ್ಞ ಗಣಿತಸಾರಸಂಗ್ರಹ ಬರೆದ. ಆರಂಭದಲ್ಲೇ ಅಮೋಘವರ್ಷನನ್ನು ಹೊಗಳಿದ್ದಾನೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಆ ಪುಸ್ತಕದಲ್ಲಿದೆ. ನಾವು ಪಿಯುಸಿಯಲ್ಲಿ ಎನ್‌ಸಿಆರ್ ಎಂದು ಓದುವುದು ಅದೇ. ಪ್ಲೇಸ್‌ಮೆಂಟ್‌ನ ಆಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ನಮ್ಮ ಬೆವರಿಳಿಸುವುದೂ ಅದೇ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಯಾಕೆಂದರೆ ಅದು ಯಾವುದರ ವರ್ಗವೂ ಅಲ್ಲ ಎಂದೂ ಸ್ಪಷ್ಟವಾಗಿ ಹೇಳಿದ್ದಾನೆ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದುಬಿಟ್ಟಿದ್ದಾನೆ. ಅದು ತಪ್ಪು. ಅಂಥ ದೊಡ್ಡ ಗಣಿತಜ್ಞನೂ ಒಂದು ಲೆಕ್ಕದಲ್ಲಿ ಎಡವಿದ. ಹಾಗೆಂದು ಯಾರೂ ಅವನ ಪುಸ್ತಕ ಎಸೆಯಲಿಲ್ಲ. ಮುಂದೆ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಬಂತು. ಒಂದು ತಪ್ಪು ಉತ್ತರ ಇಡೀ ಪುಸ್ತಕವನ್ನು ಅಳಿಸುವುದಿಲ್ಲ ಎಂದು ಗಣಿತದಲ್ಲೇ ಫೇಲಾದ ನಾನು ಗಣಿತದ ಪುಸ್ತಕದಿಂದಲೇ ಕಲಿತೆ.

851ರ ಹೊತ್ತಿಗೆ ಅರಬ್ ವ್ಯಾಪಾರಿ ಸುಲೈಮಾನನ ಬರಹದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಪಟ್ಟಿ ಬರುತ್ತದೆ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮಿನವರ ದೊರೆ, ನಾಲ್ಕನೆಯವನು ಬಲ್ಹರಾ. ವಲ್ಲಭರಾಜ ಎಂಬ ರಾಷ್ಟ್ರಕೂಟರ ಬಿರುದು ಅರಬರ ಬಾಯಲ್ಲಿ ಹಾಗಾಯಿತು. ಸುಮಾರು 30 ವರ್ಷ ಹಿಂದೆ ಕೂರಲು ಸಿಂಹಾಸನವಿಲ್ಲದಿದ್ದ ಹುಡುಗನೇ ಆ ನಾಲ್ಕನೆಯವನು.

ಕೊನೆಗಾಲದಲ್ಲಿ ಅವನು ಮಗ ಎರಡನೆಯ ಕೃಷ್ಣನಿಗೆ ಆಡಳಿತ ಬಿಟ್ಟು ಧ್ಯಾನ, ಓದಿನ ಕಡೆ ತಿರುಗಿದ. ಅವನ ಹೆಸರಿನಲ್ಲಿರುವ ಪ್ರಶ್ನೋತ್ತರ ರತ್ನಮಾಲಿಕೆ ಎಂಬ ಪುಟ್ಟ ಸಂಸ್ಕೃತ ಕೃತಿ ಟಿಬೆಟಿನ ಭಾಷೆಗೂ ಹೋಯಿತು. ವಿವೇಕದಿಂದ ರಾಜ್ಯ ಬಿಟ್ಟವನ ರಚನೆ ಎಂದು ಅದರ ಕೊನೆಯಲ್ಲಿದೆ. ಒಮ್ಮೆ ಬೇರೆಯವರು ಕಿತ್ತುಕೊಂಡಿದ್ದನ್ನು ಕೊನೆಗೆ ತಾನಾಗಿಯೇ ಕೆಳಗಿಟ್ಟ.

ಇಷ್ಟು ಓದಿದ ಮೇಲೆ ಗ್ರಂಥಾಲಯದಿಂದ ಹೊರಬಂದು ಸೇಡಂ ಬಸ್ಸು ಹತ್ತಿದೆ. ನಮ್ಮೂರು ಬಂತು, ಇಳಿಯಲಿಲ್ಲ. ಮಳಖೇಡಕ್ಕೆ ಟಿಕೆಟ್ ತೆಗೆದುಕೊಂಡಿದ್ದೆ.

ಕಾಗಿಣಾ ದಂಡೆಯ ಕೋಟೆಯ ಕಡೆ ನಡೆದೆ. ನಮ್ಮ ಕಡೆ ಮನೆ ಕಟ್ಟುವ, ನೆಲಕ್ಕೆ ಹಾಸುವ ಅದೇ ಬೂದು ಬಣ್ಣದ ಕಲ್ಲು ಅಲ್ಲಿಯೂ ಇದೆ. ಊರಿನಲ್ಲಿ ನೇಮಿನಾಥ ಬಸದಿ ಇದೆ. ಹೊಳೆಯ ಬದಿಗೆ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ವೃಂದಾವನಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ದೇವತೆಗಳ ಪಟ್ಟಣಕ್ಕೆ ಹೋಲಿಸಿ ಶಾಸನಗಳು ಹೊಗಳಿದ ಮಾನ್ಯಖೇಟ ಇದೇ. ಅಮೋಘವರ್ಷ ಸತ್ತು ನೂರು ವರ್ಷ ತುಂಬುವ ಮೊದಲೇ, 972ರಲ್ಲಿ, ಮಾಳವದ ಪರಮಾರ ದೊರೆ ಸೀಯಕ ಇದನ್ನು ಕೊಳ್ಳೆ ಹೊಡೆದ. ಕಲ್ಲಿನಲ್ಲಿ ಕಟ್ಟಿದ್ದು ಬಿತ್ತು. ಓಲೆಗರಿಯಲ್ಲಿ ಬರೆಸಿದ್ದು ಉಳಿಯಿತು. ಕೋಟೆಯ ನೆರಳಿನಲ್ಲಿ ಕೂತು ಹೊಳೆ ನೋಡುತ್ತ ನನ್ನ ವಿಷಯ ಯೋಚಿಸಿದೆ.

ಹೋಲಿಕೆ ಸರಿಯಲ್ಲ ಎಂದು ನನಗೂ ಗೊತ್ತು. ಅವನು ಚಕ್ರವರ್ತಿಯ ಮಗ, ಬಿದ್ದಾಗ ಎತ್ತಲು ಸೈನ್ಯವಿದ್ದ ಅಣ್ಣನಿದ್ದ. ನಾಲ್ಕು ಎಕರೆ ತೊಗರಿ ನಂಬಿದವನ ಮಗನಿಗೆ ಕಳೆದುಕೊಳ್ಳಲು ಇರುವುದು ಒಂದು ಹಾಲ್ ಟಿಕೆಟ್. ಅವನು ಒಂದು ಸಾಮ್ರಾಜ್ಯ ಕಳೆದುಕೊಂಡ, ನಾನು ಒಂದು ಪೇಪರ್. ಆದರೆ ಅವತ್ತು ಒಂದು ವಿಷಯ ಮಾತ್ರ ನನ್ನನ್ನು ಚುಚ್ಚಿತು. ಅವನು ಬಿದ್ದದ್ದು ಕರ್ಕನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕರ್ಕ ಬಂದ. ನಾನು ಬಿದ್ದದ್ದು ನನ್ನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನಾನೇ ಬಾಗಿಲು ಹಾಕಿಕೊಂಡಿದ್ದೆ. ಓದು ಬಿಟ್ಟು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿಬಿಡಲೇ ಎಂದು ಒಬ್ಬ ಗೆಳೆಯನನ್ನು ಆ ಹಿಂದಿನ ವಾರವೇ ವಿಚಾರಿಸಿದ್ದೆ. ಆ ಕೆಲಸ ಕೀಳಲ್ಲ. ನಮ್ಮ ಊರಿನ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತದೆ. ಆದರೆ ನಾನು ಹೊರಟಿದ್ದು ದುಡಿಯಲು ಅಲ್ಲ, ತಪ್ಪಿಸಿಕೊಳ್ಳಲು.

ರಾತ್ರಿ ಅಕ್ಕ ಗೈಡ್ ಕೈಗೆ ಕೊಟ್ಟಾಗ ಪ್ರಶ್ನೆ ಕೇಳಲಿಲ್ಲ. ನಡೆದದ್ದು ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಟ್ರಂಕಿನ ತಳದಿಂದ ಒಂದು ಹಾಳೆ ತಂದು ತೋರಿಸಿದಳು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಮೂರು ಅಂಕದಿಂದ ಅವಳಿಗೆ ಕೆಲಸ ತಪ್ಪಿತ್ತು. ಮನೆಯಲ್ಲಿ ಪಟ್ಟಿ ಇನ್ನೂ ಬಂದಿಲ್ಲ ಎಂದು ಹೇಳಿದ್ದಳು. ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ ಕೂತು ಇಬ್ಬರೂ ಸೋಲು ಮುಚ್ಚಿಟ್ಟುಕೊಂಡು ಬೇರೆಯವರ ಗೆಲುವು ಬಾಯಿಪಾಠ ಮಾಡುತ್ತಿದ್ದೆವು.

ಮರುದಿನ ಬೆಳಿಗ್ಗೆ ಇಬ್ಬರೂ ಅಪ್ಪ, ಅವ್ವನಿಗೆ ಹೇಳಿದೆವು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಪರೀಕ್ಷೆ ಫೀಸ್ ಯಾವ ತಾರೀಕಿನೊಳಗೆ ಕಟ್ಟಬೇಕು ಎಂದಷ್ಟೇ ಕೇಳಿದ. ಹೊಲಕ್ಕೆ ಹೊರಡುವಾಗ ನನ್ನ ಕಡೆ ತಿರುಗಿ, ಸುಳ್ಳು ಹೇಳಿದ್ದು ಸರಿಯಲ್ಲ ತಮ್ಮಾ ಎಂದ. ಅದು ತಾಗಿತು. ತಾಗಬೇಕಿತ್ತು.

ಈಗ ರಾತ್ರಿ ನಮ್ಮ ಮನೆಯಲ್ಲಿ ಹೊಸ ಪದ್ಧತಿ. ಒಂದು ತಾಸು ನಾನು ಅಕ್ಕನಿಗೆ ಶೇಕಡಾ, ಸರಾಸರಿ, ಎನ್‌ಸಿಆರ್ ಹೇಳಿಕೊಡುತ್ತೇನೆ. ಇನ್ನೊಂದು ತಾಸು ಅವಳು ಹಳೆಯ ಪ್ರಶ್ನೆಪತ್ರಿಕೆ ನನ್ನ ಮುಂದಿಟ್ಟು ಗಡಿಯಾರ ನೋಡುತ್ತ ಕೂರುತ್ತಾಳೆ. ಅವಳಿಗೆ ಫೂರಿಯರ್ ಯಾರೆಂದು ಗೊತ್ತಿಲ್ಲ. ಆದರೆ ನಾನು ಪೆನ್ನು ಕೆಳಗಿಟ್ಟು ಮೊಬೈಲ್ ಕಡೆ ಕೈ ಚಾಚಿದರೆ ಗೊತ್ತಾಗುತ್ತದೆ. ಕಾಲೇಜಿಗೆ ಹಿಂದಿರುಗಿದ ಮೇಲೂ ರಾತ್ರಿ ಒಂಬತ್ತಕ್ಕೆ ಫೋನ್‌ನಲ್ಲೇ ಈ ಪದ್ಧತಿ ಮುಂದುವರಿಸುವುದೆಂದು ಮಾತಾಗಿದೆ. ಮೂರನೇ ಸಲ ಪಾಸಾಗುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಈ ಸಲ ಏನಾದರೂ ಮನೆಯಲ್ಲಿ ನಿಜ ಹೇಳುತ್ತೇನೆ.

ಅಕ್ಕ ತನ್ನ ಗೈಡ್‌ನ ರಾಷ್ಟ್ರಕೂಟರ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕರ್ಕ ಎಂದು ಬರೆದುಕೊಂಡಿದ್ದಾಳೆ. ಪರೀಕ್ಷೆಯಲ್ಲಿ ಆ ಹೆಸರು ಬರುವುದಿಲ್ಲ ಎಂದೆ. ಬರದಿದ್ದರೂ ಇರಲಿ ಎಂದಳು.